ಕರುಳಿನ ಕ್ಯಾನ್ಸರ್‌ಗೆ ಕೀಹೋಲ್ ಆಪರೇಷನ್: ಮೊದಲ ಸ್ಕ್ಯಾನ್‌ನಿಂದ ಮನೆ ಊಟದವರೆಗೆ

ಆಪರೇಷನ್ ಆಗಿ ಹದಿನೆಂಟನೇ ದಿನ ನಮ್ಮ ದೊಡ್ಡಪ್ಪ ತೋಟದಲ್ಲಿ ತೆಂಗಿನಕಾಯಿ ಮೂಟೆಗೆ ಕೈ ಹಾಕಿ ಎತ್ತಿಯೇಬಿಟ್ಟರು. ದೊಡ್ಡಮ್ಮ ಬೈದರೆ ಬನಿಯನ್ ಮೇಲೆತ್ತಿ ಹೊಟ್ಟೆ ತೋರಿಸಿದರು. ‘ಏನಾಗಿದೆ ನೋಡೆ ಇಲ್ಲಿ? ನಾಲ್ಕು ಸೊಳ್ಳೆ ಕಚ್ಚಿದಂಗಿದೆ. ಇಷ್ಟಕ್ಕೆ ಎಷ್ಟು ದಿನ ಮಲಗೋದು?’

ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ಮಾಡುವ ಕೀಹೋಲ್ ಆಪರೇಷನ್‌ನ ತೊಂದರೆಯೇ ಇದು. ಹೊರಗಿನ ಗಾಯ ನೋಡಿ ಒಳಗೂ ಅಷ್ಟೇ ಆಗಿದೆ ಅಂದುಕೊಳ್ಳುತ್ತೇವೆ. ಅವರ ಹೊಟ್ಟೆಯೊಳಗೆ ಒಂದು ಗೇಣಿಗಿಂತ ಜಾಸ್ತಿ ಕರುಳು ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸಿದ್ದರು. ಹೊಟ್ಟೆ ಪೂರ್ತಿ ಕೊಯ್ದು ಮಾಡಿದರೂ ಮಾಡುವ ಕೆಲಸ ಅದೇ. ಒಳಗೆ ಹೋಗುವ ಬಾಗಿಲು ಮಾತ್ರ ಬೇರೆ.

ನಾನು ಡಾಕ್ಟರ್ ಅಲ್ಲ. ಎರಡು ವರ್ಷ ದೊಡ್ಡಪ್ಪನ ಫೈಲ್ ಹಿಡಿದು ಓಡಾಡಿದವನು. ಆಗ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಮೊದಲು ಕೇಳಿ: ಗೆಡ್ಡೆ ಎಲ್ಲಿದೆ?

‘ಕರುಳಿನ ಕ್ಯಾನ್ಸರ್’ ಎಂದು ಒಂದೇ ಹೆಸರಿನಲ್ಲಿ ಕರೆದರೂ ಇದರಲ್ಲಿ ಎರಡು ದಾರಿ ಇವೆ. ಗೆಡ್ಡೆ ದೊಡ್ಡ ಕರುಳಿನಲ್ಲಿದ್ದರೆ, ಬೇರೆ ಕಡೆ ಹರಡಿಲ್ಲದಿದ್ದರೆ, ಸಾಮಾನ್ಯವಾಗಿ ನೇರ ಆಪರೇಷನ್. ಗುದನಾಳದಲ್ಲಿದ್ದರೆ, ಅಂದರೆ ಕೊನೆಯ 12ರಿಂದ 15 ಸೆಂಟಿಮೀಟರಿನಲ್ಲಿದ್ದರೆ, ಲೆಕ್ಕ ಬೇರೆ. ಅಲ್ಲಿ ಸೊಂಟದ ಮೂಳೆಗಳ ನಡುವೆ ಜಾಗ ಇಕ್ಕಟ್ಟು. ಮೂತ್ರಕೋಶದ ನರಗಳು, ಲೈಂಗಿಕ ಶಕ್ತಿಯ ನರಗಳು ಪಕ್ಕದಲ್ಲೇ ಇವೆ. ಎಷ್ಟೋ ಸಲ ಮೊದಲು ರೇಡಿಯೇಷನ್, ಕಿಮೋ ಕೊಟ್ಟು ಗೆಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುತ್ತಾರೆ.

ಹಾಗಾಗಿ ತಾರೀಕು ಗೊತ್ತು ಮಾಡುವ ಮೊದಲು ಫೈಲ್‌ನಲ್ಲಿ ಇವು ಇರಬೇಕು: ಪೂರ್ತಿ ಕೊಲನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ನಳಿಕೆ ಬಿಟ್ಟು ದೊಡ್ಡ ಕರುಳು ನೋಡುವುದು), ಬಯಾಪ್ಸಿ (ಗೆಡ್ಡೆಯ ತುಣುಕಿನ ಪರೀಕ್ಷೆ), ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್, ರಕ್ತದಲ್ಲಿ ಕ್ಯಾನ್ಸರ್‌ನ ಸುಳಿವು ನೋಡುವ ಸಿಇಎ ಪರೀಕ್ಷೆ. ಗುದನಾಳದ್ದಾದರೆ ಸೊಂಟದ ಎಂಆರ್‌ಐ ಕಡ್ಡಾಯ. ಎಂಆರ್‌ಐ ಇಲ್ಲದೆಯೇ ‘ನಾಳಿದ್ದು ಮಾಡಿಬಿಡೋಣ’ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಬಯಾಪ್ಸಿ ತುಣುಕಿನ ಮೇಲೆ, ಜೀವಕೋಶ ತನ್ನ ಡಿಎನ್‌ಎ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದೆಯಾ ಎಂದು ನೋಡುವ ಎಂಎಂಆರ್ ಎಂಬ ಪರೀಕ್ಷೆ ಮಾಡಿದ್ದಾರಾ ಅಂತಲೂ ಕೇಳಿ. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವರದಿ ಬಂತು. ಈ ಪರೀಕ್ಷೆಯಲ್ಲಿ ದೋಷ ಕಂಡಿದ್ದ 12 ಗುದನಾಳದ ರೋಗಿಗಳಿಗೆ ಬರೀ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಜೊತೆ ಹೋರಾಡುವಂತೆ ಮಾಡುವ ಔಷಧಿ ಕೊಟ್ಟಿದ್ದರು. 12 ಮಂದಿಯಲ್ಲೂ ಗೆಡ್ಡೆ ಮಾಯ! ಅಂಥ ರೋಗಿಗಳು ಕಡಿಮೆ, ಔಷಧಿಯೂ ದುಬಾರಿ. ಆದರೂ ಕತ್ತರಿ ಹಾಕುವ ಮೊದಲು ತಿಳಿದಿರಬೇಕಾದ ವಿಷಯ ಅಲ್ವಾ?

ರೇಡಿಯೇಷನ್ ಮತ್ತು ಕಿಮೋದಿಂದಲೇ ಗುದನಾಳದ ಗೆಡ್ಡೆ ಪೂರ್ತಿ ಕರಗಿದರೆ, ಆಪರೇಷನ್ ಮಾಡದೆ ಪದೇ ಪದೇ ನೋಡುತ್ತಾ ಕಾಯುವ ಪದ್ಧತಿಯೂ ಇದೆ. ಬ್ರೆಜಿಲ್‌ನ ಆಂಜೆಲಿಟಾ ಹಬರ್ ಗಾಮ ಎಂಬ ಸರ್ಜನ್ ತೋರಿಸಿದ ದಾರಿ ಅದು. ಅದಕ್ಕೆ ತಪಾಸಣೆ ತಪ್ಪಿಸದ ಶಿಸ್ತು ಬೇಕು.

ಇನ್ನೊಂದು ಸಣ್ಣ, ಆದರೆ ದೊಡ್ಡ ವಿಷಯ. ಕೀಹೋಲ್‌ನಲ್ಲಿ ಸರ್ಜನ್ ಕರುಳನ್ನು ಬೆರಳಿನಿಂದ ಒತ್ತಿ ಗೆಡ್ಡೆ ಹುಡುಕಲು ಆಗುವುದಿಲ್ಲ. ಗೆಡ್ಡೆ ಚಿಕ್ಕದಿದ್ದರೆ ಹೊರಗಿನಿಂದ ಕಾಣುವುದೂ ಇಲ್ಲ. ಅದಕ್ಕೇ ಕೊಲನೊಸ್ಕೋಪಿ ಮಾಡುವಾಗಲೇ ಗೆಡ್ಡೆಯ ಪಕ್ಕ ಕಪ್ಪು ಶಾಯಿ ಚುಚ್ಚಿ ಗುರುತು ಹಾಕುತ್ತಾರೆ. ಹಚ್ಚೆ ಇದ್ದ ಹಾಗೆ. ನಮ್ಮದರಲ್ಲಿ ಹಾಕಿರಲಿಲ್ಲ. ದೊಡ್ಡಪ್ಪ ಎರಡನೇ ಸಲ ಆ ಉಪ್ಪುಪ್ಪು ಭೇದಿ ನೀರು ಕುಡಿದು ರಾತ್ರಿಯೆಲ್ಲ ಓಡಾಡಬೇಕಾಯಿತು. ಮೊದಲೇ ಕೇಳಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು.

ಕೀಹೋಲ್ ಮಾಡಿದರೆ ಕ್ಯಾನ್ಸರ್ ಪೂರ್ತಿ ಹೋಗುತ್ತಾ?

ಮನೆಯಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ. 1991ರಲ್ಲಿ ಅಮೆರಿಕದ ಮಯಾಮಿಯ ಮೊಯ್ಸೆಸ್ ಜೇಕಬ್ಸ್ ತಂಡ ಈ ವಿಧಾನದ ಮೊದಲ ವರದಿ ಪ್ರಕಟಿಸಿದಾಗ ಡಾಕ್ಟರ್‌ಗಳಿಗೂ ಇದೇ ಅನುಮಾನ ಇತ್ತು. ತೂತು ಮಾಡಿದ ಜಾಗದಲ್ಲೇ ಕ್ಯಾನ್ಸರ್ ಮತ್ತೆ ಹುಟ್ಟಿದ ಕೆಲವು ಪ್ರಕರಣಗಳು ಬಂದು ಹೆದರಿಸಿದ್ದವು.

ಆಮೇಲೆ ದೊಡ್ಡ ಅಧ್ಯಯನಗಳು ನಡೆದವು. 2004ರಲ್ಲಿ ಬಂದ ಒಂದರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 872 ಜನರಿದ್ದರು. ಮೂರು ವರ್ಷದಲ್ಲಿ ಕ್ಯಾನ್ಸರ್ ಮರಳಿದ್ದು ಕೀಹೋಲ್‌ನಲ್ಲಿ ಶೇ. 16, ಹೊಟ್ಟೆ ತೆರೆದು ಮಾಡಿದವರಲ್ಲಿ ಶೇ. 18. ಅಂದರೆ ಹೆಚ್ಚುಕಮ್ಮಿ ಒಂದೇ. ದೊಡ್ಡ ಕರುಳಿನ ಮಟ್ಟಿಗೆ ಅನುಮಾನ ಅಲ್ಲಿಗೆ ಮುಗಿಯಿತು ಎನ್ನಬಹುದು.

ಗುದನಾಳದ ಕಥೆ ಅಷ್ಟು ಸಲೀಸಲ್ಲ. 2015ರಲ್ಲಿ 1,044 ರೋಗಿಗಳ ಯುರೋಪಿನ ಅಧ್ಯಯನ ಎರಡೂ ವಿಧಾನದಲ್ಲಿ ಅದೇ ಜಾಗದಲ್ಲಿ ಮರಳುವ ಪ್ರಮಾಣ ಶೇ. 5 ಎಂದಿತು. ಅದೇ ವರ್ಷ ಅಮೆರಿಕದ ಒಂದು, ಆಸ್ಟ್ರೇಲಿಯಾದ ಒಂದು ಅಧ್ಯಯನ ‘ಕೀಹೋಲ್ ಕಮ್ಮಿಯಿಲ್ಲ ಎಂದು ಸಾಬೀತು ಮಾಡಲು ನಮಗಾಗಲಿಲ್ಲ’ ಎಂದವು. ಮುಂದೆ ಅವೇ ರೋಗಿಗಳನ್ನು ಗಮನಿಸಿದಾಗ ಬದುಕಿ ಉಳಿಯುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನನಗೆ ಅರ್ಥವಾದದ್ದು ಇಷ್ಟು: ಗುದನಾಳದಲ್ಲಿ ಮಿಷನ್‌ಗಿಂತ ಕೈ ಮುಖ್ಯ. ಅಲ್ಲಿ ನಿಜವಾದ ಬದಲಾವಣೆ ತಂದದ್ದೂ ಕ್ಯಾಮೆರಾ ಅಲ್ಲ. ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಪೊರೆ ಹರಿಯದ ಹಾಗೆ ಇಡಿಯಾಗಿ ಬಿಡಿಸಿ ತೆಗೆಯಬೇಕು ಎಂದು ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲೇ ಹೇಳಿದರು. ಹಲಸಿನ ತೊಳೆಯನ್ನು ಸೀಳದೆ ಬಿಡಿಸುವ ನಾಜೂಕು ಅದು.

ರೋಬೋಟ್ ಬಗ್ಗೆ ಒಂದು ಮಾತು. ರೋಬೋಟ್ ತಾನೇ ಆಪರೇಷನ್ ಮಾಡುವುದಿಲ್ಲ. ಸರ್ಜನ್ ಪಕ್ಕದಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತಾರೆ. 2017ರಲ್ಲಿ ಬಂದ 471 ಗುದನಾಳದ ರೋಗಿಗಳ ಅಧ್ಯಯನದಲ್ಲಿ, ತೂತಿನಿಂದ ಸಾಗದೆ ಅರ್ಧದಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದದ್ದು ರೋಬೋಟ್‌ನಲ್ಲಿ ಶೇ. 8.1, ಮಾಮೂಲಿ ಕೀಹೋಲ್‌ನಲ್ಲಿ ಶೇ. 12.2. ರೋಬೋಟೇ ಮೇಲು ಎನ್ನಲು ಆ ಅಂತರ ಸಾಕಾಗಲಿಲ್ಲ. ಈಚೆಗೆ ಚೀನಾದ ದೊಡ್ಡ ಅಧ್ಯಯನವೊಂದು ಗುದನಾಳದಲ್ಲಿ ರೋಬೋಟ್ ಪರವಾಗಿ ಮಾತಾಡಿದೆ. ಆದರೆ ದೊಡ್ಡ ಕರುಳಿನದ್ದಾದರೆ ಸಾಲ ಮಾಡಿ ರೋಬೋಟ್‌ಗೆ ಹೋಗುವ ಅಗತ್ಯ ನನಗಂತೂ ಕಾಣಲಿಲ್ಲ.

ಎಲ್ಲರಿಗೂ ಕೀಹೋಲ್ ಹೊಂದುವುದಿಲ್ಲ. ಗೆಡ್ಡೆ ದಾರಿ ಕಟ್ಟಿ ಕರುಳು ಉಬ್ಬಿದ್ದರೆ, ಕರುಳು ತೂತಾಗಿದ್ದರೆ, ಪಕ್ಕದ ಅಂಗಕ್ಕೂ ಗೆಡ್ಡೆ ಹಬ್ಬಿದ್ದರೆ, ಹಿಂದೆ ಹೊಟ್ಟೆಗೆ ಎರಡು ಮೂರು ಆಪರೇಷನ್ ಆಗಿ ಕರುಳು ಅಂಟಿಕೊಂಡಿದ್ದರೆ, ಹೃದಯ ಅಥವಾ ಶ್ವಾಸಕೋಶ ತುಂಬಾ ಸೋತಿದ್ದರೆ, ತೆರೆದು ಮಾಡುವುದೇ ಸರಿ ಎನ್ನಬಹುದು.

ಸರ್ಜನ್ ಎದುರು ಕೂತಾಗ

ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಳಗೆ ಹೋದ ಮೇಲೆ ಎಲ್ಲ ಮರೆತುಹೋಗುತ್ತದೆ. ‘ಸರ್, ಇಂಥ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ?’ ‘ಎಷ್ಟು ಜನರಿಗೆ ಅರ್ಧಕ್ಕೆ ಹೊಟ್ಟೆ ತೆರೆಯಬೇಕಾಗುತ್ತೆ?’ ‘ಜೋಡಿಸಿದ ಜಾಗ ಎಷ್ಟು ಜನರಿಗೆ ಸೋರಿದೆ?’ ‘ಮಲ ತುಂಬಿಕೊಳ್ಳಲು ಹೊಟ್ಟೆಯ ಮೇಲೆ ಬ್ಯಾಗ್ ಹಾಕ್ತೀರಾ? ಹಾಕಿದರೆ ಎಷ್ಟು ದಿನಕ್ಕೆ?’ ಕೇಳಲು ಸಂಕೋಚ ಬೇಡ. ಒಳ್ಳೆಯ ಸರ್ಜನ್ ಸಿಟ್ಟಾಗುವುದಿಲ್ಲ, ಲೆಕ್ಕ ಕೊಡುತ್ತಾರೆ.

ಅರ್ಧಕ್ಕೆ ಹೊಟ್ಟೆ ತೆರೆಯುವುದು ಸೋಲಲ್ಲ. 2004ರ ಆ ಅಧ್ಯಯನದಲ್ಲೇ ನುರಿತ ಸರ್ಜನ್‌ಗಳು ಶೇ. 21 ಜನರಿಗೆ ತೆರೆದಿದ್ದರು. ‘ನನಗೆ ಯಾವತ್ತೂ ಹಾಗಾಗೇ ಇಲ್ಲ’ ಎನ್ನುವವರ ಬಗ್ಗೆಯೇ ನನಗೆ ಅನುಮಾನ. ಒಪ್ಪಿಗೆ ಪತ್ರದಲ್ಲಿ ಆ ಸಾಲು ಇರುತ್ತದೆ, ಓದಿಯೇ ಸಹಿ ಮಾಡಿ.

ಗುದನಾಳದ ಆಪರೇಷನ್ ಆದರೆ, ಮೂತ್ರ ಮತ್ತು ದಾಂಪತ್ಯದ ಬಗ್ಗೆಯೂ ಮೊದಲೇ ಕೇಳಿಬಿಡಿ. ಹಿರಿಯರ ಎದುರು ಬಾಯಿ ಬರದಿದ್ದರೆ ಒಬ್ಬರೇ ಒಳಗೆ ಹೋಗಿ ಕೇಳಿ. ಮಕ್ಕಳಾಗಬೇಕಾದ ವಯಸ್ಸಿನವರು ರೇಡಿಯೇಷನ್ ಶುರುವಾಗುವ ಮೊದಲೇ ಆ ಮಾತು ಎತ್ತಬೇಕು.

ದುಡ್ಡಿನ ಲೆಕ್ಕ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅಡ್ಮಿಟ್ ಆದ ಮೇಲೆ ಅದಕ್ಕಾಗಿ ಓಡುವುದು ನರಕ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಂಡು ಮಾತಾಡಿ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಸರದಿ ಉದ್ದ ಇರಬಹುದು, ಬೆಳಿಗ್ಗೆ ಬೇಗ ಹೋಗಿ.

ಖಾಸಗಿಯಲ್ಲಿ ಎಸ್ಟಿಮೇಟ್ ಕೇಳುವಾಗ ‘ಸ್ಟೇಪ್ಲರ್ ಇದರಲ್ಲಿ ಸೇರಿದೆಯಾ?’ ಅಂತ ಬಿಡಿಸಿ ಕೇಳಿ. ಕರುಳು ಕತ್ತರಿಸಿ ಜೋಡಿಸುವ ಈ ಸ್ಟೇಪ್ಲರ್‌ಗಳು ಒಂದೇ ಸಲ ಬಳಸುವ ವಸ್ತು, ಬೆಲೆಯೂ ಜಾಸ್ತಿ. ನಮ್ಮ ಬಿಲ್ ಉಬ್ಬಿದ್ದೇ ಅಲ್ಲಿ. ಕ್ಯಾನ್ಸರ್ ರೋಗಿಗಳಿಗೆ ರೈಲು ಟಿಕೆಟ್‌ನಲ್ಲಿ ರಿಯಾಯಿತಿಯೂ ಇದೆ. ಅದರ ಫಾರಂಗೆ ಆಸ್ಪತ್ರೆಯವರ ಸಹಿ, ಸೀಲು ಬೇಕು.

ಆಪರೇಷನ್‌ಗೆ ಮೊದಲಿನ ಮೂರು ವಾರ

ಈ ದಿನಗಳನ್ನು ನೆಂಟರ ಫೋನಿಗೆ ಉತ್ತರ ಕೊಡುತ್ತಾ ಕಳೆಯಬೇಡಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಇವತ್ತೇ ನಿಲ್ಲಬೇಕು. ದಿನಾ ಬೆಳಿಗ್ಗೆ ಸಂಜೆ ಬಿರುಸಾಗಿ ನಡೆಯಬೇಕು. ಮೂರು ಬಣ್ಣದ ಚೆಂಡಿರುವ ಉಸಿರು ಎಳೆಯುವ ಪ್ಲಾಸ್ಟಿಕ್ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಈಗಿನಿಂದಲೇ ಅಭ್ಯಾಸ ಮಾಡಿ. ಊದಬೇಡಿ, ಎಳೆಯಿರಿ. ದೊಡ್ಡಪ್ಪ ಎರಡು ದಿನ ಊದಿದ್ದೇ ಊದಿದ್ದು!

ಕರುಳಿನ ಗೆಡ್ಡೆಯಿಂದ ರಕ್ತ ಸೋರಿ ಸೋರಿ ಹಿಮೋಗ್ಲೋಬಿನ್ ಇಳಿದಿರುತ್ತದೆ. ಸಮಯ ಇದ್ದರೆ ಕಬ್ಬಿಣಾಂಶದ ಡ್ರಿಪ್ ಹಾಕಿಸಿ ಏರಿಸುತ್ತಾರೆ. ಊಟದಲ್ಲಿ ಮೊಟ್ಟೆ, ಹಾಲು, ಮೊಸರು, ಬೇಳೆ ಜಾಸ್ತಿ ಇರಲಿ. ಗೆಡ್ಡೆ ದಾರಿಯನ್ನು ಬಿಗಿ ಮಾಡಿದ್ದರೆ ಸೊಪ್ಪು, ನಾರಿನ ತರಕಾರಿಯನ್ನು ಡಾಕ್ಟರ್‌ನ ಕೇಳಿಯೇ ತಿನ್ನಿ. ಸಕ್ಕರೆ ಕಾಯಿಲೆ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆಗಳ ಹೆಸರು ಬರೆದು ಅರಿವಳಿಕೆ ಡಾಕ್ಟರ್‌ಗೆ ತೋರಿಸಿ. ಕೆಲವನ್ನು ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ನಾಟಿ ಔಷಧಿ ನಡೆಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಬ್ಯಾಗ್ ಹಾಕುವ ಸಾಧ್ಯತೆ ಇದ್ದರೆ, ಆಪರೇಷನ್‌ಗೆ ಮೊದಲೇ ಹೊಟ್ಟೆಯ ಮೇಲೆ ಜಾಗ ಗುರುತು ಮಾಡಬೇಕು. ಮಲಗಿಸಿ ಅಲ್ಲ. ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ. ಪಂಚೆ ಕಟ್ಟುವ ಜಾಗ, ಸೀರೆ ನೆರಿಗೆ ಸಿಕ್ಕಿಸುವ ಜಾಗ, ಬೆಲ್ಟ್ ಬರುವ ಜಾಗ ಬಿಟ್ಟು ಮಾರ್ಕರ್‌ನಿಂದ ಗುರುತು ಹಾಕಿಸಿಕೊಳ್ಳಿ. ಹೊಟ್ಟೆಯ ಮಡಿಕೆಯಲ್ಲಿ ಬ್ಯಾಗ್ ಬಂದರೆ ದಿನಾ ಸೋರಿಕೆ, ದಿನಾ ಕಣ್ಣೀರು.

ಆ ದಿನ ಒಳಗೆ ಏನು ನಡೆಯುತ್ತದೆ

ಹೆಚ್ಚಿನ ಕಡೆ ಗಟ್ಟಿ ಆಹಾರ 6 ಗಂಟೆ ಮೊದಲು ನಿಲ್ಲಿಸಿ, ತಿಳಿ ನೀರಿನಂಥದ್ದನ್ನು 2 ಗಂಟೆ ಮೊದಲಿನವರೆಗೂ ಬಿಡುತ್ತಾರೆ. ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದೆ ಒಣಗಿಸುವ ಕಾಲ ಹೋಯಿತು. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಶುರು ಮಾಡಿದ ಬದಲಾವಣೆ ಇದು: ಬೇಗ ತಿನ್ನಿಸು, ಬೇಗ ನಡೆಸು, ಬೇಗ ಮನೆಗೆ ಕಳಿಸು.

ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಗಾಳಿ ತುಂಬಿ ಗುಡಾರದ ಹಾಗೆ ಎತ್ತುತ್ತಾರೆ. 5ರಿಂದ 12 ಮಿಲಿಮೀಟರಿನ ನಾಲ್ಕೈದು ತೂತು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ. ಕರುಳಿಗೆ ರಕ್ತ ಕೊಡುವ ನಾಳವನ್ನು ಬುಡದಲ್ಲೇ ಕಟ್ಟಿ, ಸುತ್ತಲಿನ ದುಗ್ಧರಸ ಗ್ರಂಥಿಗಳ (ಕ್ಯಾನ್ಸರ್ ಮೊದಲು ಹರಡಬಹುದಾದ ಸಣ್ಣ ಗಂಟುಗಳ) ಸಮೇತ ಆ ಭಾಗ ಬಿಡಿಸುತ್ತಾರೆ. ಆಮೇಲೆ 4ರಿಂದ 6 ಸೆಂಟಿಮೀಟರಿನ ಒಂದು ಗಾಯ ಮಾಡಿ, ಅದರ ಅಂಚಿಗೆ ಪ್ಲಾಸ್ಟಿಕ್ ತೋಳು ಹಾಕಿ, ಗೆಡ್ಡೆ ಗಾಯಕ್ಕೆ ತಾಗದಂತೆ ಹೊರಗೆಳೆಯುತ್ತಾರೆ. ಅಂದರೆ ಬರೀ ತೂತು ಅಲ್ಲ, ಒಂದು ಗಾಯವೂ ಇರುತ್ತದೆ.

ದೊಡ್ಡಪ್ಪನದ್ದು ಎಡಗಡೆಯ ಕೆಳ ಕರುಳು. ಸ್ಟೇಪ್ಲರ್‌ನಿಂದ ಜೋಡಿಸಿದ ಮೇಲೆ ಪರೀಕ್ಷೆ ಮಾಡಿದ್ದು ಹೇಗೆ ಅಂತ ಸರ್ಜನ್ ನಮಗೆ ವಿಡಿಯೋದಲ್ಲೇ ತೋರಿಸಿದರು. ಸೊಂಟದ ಗುಳಿಗೆ ನೀರು ತುಂಬಿ, ಗುದದ್ವಾರದಿಂದ ಗಾಳಿ ಬಿಟ್ಟು, ಗುಳ್ಳೆ ಬರುತ್ತಾ ಅಂತ ನೋಡುವುದು. ಥೇಟ್ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ನೋಡಿದ ಹಾಗೆ! ಒಂದು ಗುಳ್ಳೆಯೂ ಬರಲಿಲ್ಲ. ಅಣ್ಣ ಆ ವಿಡಿಯೋ ಎರಡು ಸಲ ಹಾಕಿಸಿ ನೋಡಿದ.

ಮೂರು ನಾಲ್ಕು ಗಂಟೆ ಹಿಡಿಯುತ್ತದೆ, ಗುದನಾಳದ್ದಾದರೆ ಇನ್ನೂ ಜಾಸ್ತಿ. ಹೊರಗೆ ಕಾಯುವವರು ಗಡಿಯಾರ ನೋಡಿ ಗಾಬರಿಯಾಗಬೇಡಿ.

ವಾರ್ಡಿನಲ್ಲಿ

ಎಚ್ಚರವಾದ ರಾತ್ರಿ ದೊಡ್ಡಪ್ಪ ‘ಭುಜ ನೋಯ್ತಿದೆ, ಹಾರ್ಟ್ ಅಟ್ಯಾಕಾ?’ ಅಂತ ಕೇಳಿದರು. ನರ್ಸ್ ನಕ್ಕು ಇಸಿಜಿ ತೆಗೆದು ಸಮಾಧಾನ ಮಾಡಿದರು. ಹೊಟ್ಟೆಗೆ ತುಂಬಿದ ಗಾಳಿ ವಪೆಯನ್ನು, ಅಂದರೆ ಎದೆ ಹೊಟ್ಟೆಯ ನಡುವಿನ ಪೊರೆಯನ್ನು ಕೆಣಕುತ್ತದೆ, ನೋವು ಭುಜದಲ್ಲಿ ಕಾಣುತ್ತದೆ. ಎದ್ದು ಓಡಾಡಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ.

ಅದೇ ದಿನ ಅಥವಾ ಮಾರನೇ ದಿನ ಎಬ್ಬಿಸಿ ನಡೆಸುತ್ತಾರೆ. ‘ಪಾಪ, ಮಲಗಲಿ ಬಿಡಿ’ ಎನ್ನುವ ನೆಂಟರನ್ನು ಹೊರಗೆ ಕಳಿಸಿ. ಚೂಯಿಂಗ್ ಗಮ್ ಅಗಿಯಿರಿ ಎಂದರೆ ತಮಾಷೆ ಅಂದುಕೊಳ್ಳಬೇಡಿ. ಬಾಯಿ ಆಡಿದರೆ ಕರುಳಿಗೆ ಊಟ ಬರುತ್ತಿದೆ ಅನಿಸಿ ಅದು ಏಳುತ್ತದೆ. ಕಾಫಿಯೂ ಕರುಳನ್ನು ಬೇಗ ಎಚ್ಚರಿಸುತ್ತದೆ ಎಂದು ಅಧ್ಯಯನಗಳಿವೆ. ಈ ವಿಷಯ ಕೇಳಿ ದೊಡ್ಡಪ್ಪನ ಮುಖ ಮೊದಲ ಸಲ ಅರಳಿತು.

ಪ್ರತಿ ರೌಂಡ್ಸ್‌ನಲ್ಲೂ ಒಂದೇ ಪ್ರಶ್ನೆ: ‘ಗ್ಯಾಸ್ ಹೋಯ್ತಾ?’ ಜೀವನದಲ್ಲಿ ಆ ಪದ ಬಾಯಲ್ಲಿ ಆಡದ ದೊಡ್ಡಮ್ಮ ಮೂರನೇ ದಿನ ಊರಿಗೆಲ್ಲ ಫೋನ್ ಮಾಡಿ ‘ಹೋಯ್ತಂತೆ, ಹೋಯ್ತಂತೆ’ ಎಂದು ಸಾರಿದರು. ಎಲ್ಲ ಸರಿಯಿದ್ದರೆ ನಾಲ್ಕರಿಂದ ಆರು ದಿನದಲ್ಲಿ ಮನೆ.

ಇದೊಂದು ಭಾಗ ಎರಡು ಸಲ ಓದಿ

ಜೋಡಿಸಿದ ಜಾಗ ಸೋರುವುದು ಈ ಆಪರೇಷನ್‌ನ ದೊಡ್ಡ ಅಪಾಯ. ಗುದನಾಳದ ಜೋಡಣೆಯಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಮೊದಲ ವಾರ ಹತ್ತು ದಿನದಲ್ಲಿ, ಅಂದರೆ ಮನೆಗೆ ಬಂದ ಮೇಲೂ ಆಗಬಹುದು. ಹೊರಗಿನ ಗಾಯ ಒಣಗಿ ಚೆಂದಾಗಿಯೇ ಇರುತ್ತದೆ. ಅದನ್ನು ನೋಡಿ ಮೋಸ ಹೋಗಬೇಡಿ.

ಜ್ವರ, ಚಳಿ, ನಾಡಿ ಜೋರಾಗಿ ಹೊಡೆದುಕೊಳ್ಳುವುದು, ಕಮ್ಮಿಯಾಗಿದ್ದ ಹೊಟ್ಟೆನೋವು ಮತ್ತೆ ಏರುವುದು, ಹೊಟ್ಟೆ ಉಬ್ಬುವುದು, ವಾಂತಿ, ಉಸಿರಾಟ ಕಷ್ಟ, ಹಿರಿಯರಾದರೆ ಸುಮ್ನೆ ಮಂಕಾಗಿ ತೊದಲುವುದು. ಇವುಗಳಲ್ಲಿ ಒಂದು ಕಂಡರೂ ‘ಬೆಳಿಗ್ಗೆ ನೋಡೋಣ’ ಬೇಡ. ಪಕ್ಕದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೂಡ ಬೇಡ. ಆಪರೇಷನ್ ಮಾಡಿದ ಆಸ್ಪತ್ರೆಗೆ ರಾತ್ರಿಯೇ ಹೊರಡಿ. ಡಿಸ್ಚಾರ್ಜ್ ಆಗುವಾಗಲೇ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಬರೆಸಿಕೊಂಡು ಗೋಡೆಗೆ ಅಂಟಿಸಿ. ಊರು ದೂರ ಇದ್ದರೆ, ಮೊದಲ ವಾರ ಹತ್ತು ದಿನ ಆಸ್ಪತ್ರೆ ಇರುವ ಊರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು.

ಬ್ಯಾಗ್ ಬಂದರೆ

ಗುದನಾಳದ ಜೋಡಣೆ ಮಾಗುವವರೆಗೆ ಮಲ ಅಲ್ಲಿಗೆ ಹೋಗದಿರಲಿ ಅಂತ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದು ಬ್ಯಾಗ್ ಹಾಕುತ್ತಾರೆ. ಹೆಚ್ಚಿನವರಿಗೆ ಕೆಲವು ತಿಂಗಳ ಮಾತು. ಕಿಮೋ ಇದ್ದರೆ ಅದು ಮುಗಿದ ಮೇಲೆ ಮುಚ್ಚುತ್ತಾರೆ. ಗೆಡ್ಡೆ ತೀರಾ ಕೆಳಗಿದ್ದವರಿಗೆ ಶಾಶ್ವತ ಆಗಬಹುದು.

ಸಣ್ಣ ಕರುಳಿನ ಬ್ಯಾಗ್‌ನಲ್ಲಿ ದೊಡ್ಡ ಭಯ ನೀರು ಖಾಲಿಯಾಗುವುದು. ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ಹೋದರೆ, ಮೂತ್ರ ಕಡಿಮೆಯಾಗಿ ಬಾಯಿ ಒಣಗಿದರೆ ತಕ್ಷಣ ಡಾಕ್ಟರ್‌ಗೆ ಹೇಳಿ. ಆಗ ಬರೀ ನೀರು ಸುರಿದರೆ ಇನ್ನಷ್ಟು ಹೋಗುತ್ತದೆ, ಓಆರ್‌ಎಸ್ ಬೇಕು. ಮೆತ್ತಗಿನ ಅನ್ನ, ಬಾಳೆಹಣ್ಣು ಗಟ್ಟಿ ಮಾಡುತ್ತವೆ. ಕೊಬ್ಬರಿ ಚೂರು, ಜೋಳದ ಕಾಳು, ಅಣಬೆ, ಕಡಲೆಬೀಜ ಮೊದಲ ಒಂದೂವರೆ ತಿಂಗಳು ಬೇಡ, ಸಿಕ್ಕಿಕೊಳ್ಳುತ್ತವೆ. ವಾರ್ಡಿನಲ್ಲಿ ದೊಡ್ಡಪ್ಪನ ಪಕ್ಕದ ಹಾಸಿಗೆಯಲ್ಲಿದ್ದ ಟೈಲರ್ ಒಬ್ಬರು, ಬ್ಯಾಗ್ ಮರೆಮಾಡಲು ಅಂಗಿಯ ಒಳಗೆ ತಾವೇ ಒಂದು ಜೇಬು ಹೊಲಿದುಕೊಂಡಿದ್ದರು. ಮದುವೆ ಮನೆಗೂ ಹೋಗಿಬಂದರಂತೆ.

ಮುಚ್ಚಿದ ಮೇಲೆ ಗುದನಾಳ ಹೋದವರಿಗೆ ದಿನಕ್ಕೆ ಆರೆಂಟು ಸಲ ಶೌಚ, ತಡೆಯಲಾಗದ ಅವಸರ ಕಾಡಬಹುದು. ಇದು ಗೊತ್ತಿರುವ ತೊಂದರೆ, ನಾಚಿಕೆಪಡುವಂಥದ್ದಲ್ಲ. ವ್ಯಾಯಾಮ ಇದೆ, ಮಾತ್ರೆ ಇದೆ, ಹೆಚ್ಚಿನವರಿಗೆ ವರ್ಷದಲ್ಲಿ ಸುಧಾರಿಸುತ್ತದೆ.

ಮನೆಯಲ್ಲಿ

ಮೊದಲ ಕೆಲವು ವಾರ ಮೆತ್ತಗಿನ ಊಟ. ಗಂಜಿ, ಇಡ್ಲಿ, ಮೊಸರನ್ನ, ತಿಳಿಸಾರು, ಬೇಯಿಸಿದ ಮೊಟ್ಟೆ, ತೆಳು ರಾಗಿ ಅಂಬಲಿ. ಸ್ವಲ್ಪ ಸ್ವಲ್ಪ, ಐದಾರು ಸಲ. ಪಥ್ಯ ಎಂದು ಬರೀ ಗಂಜಿಯಲ್ಲೇ ತಿಂಗಳುಗಟ್ಟಲೆ ಇಡಬೇಡಿ, ಗಾಯ ಮಾಗಲು ಪ್ರೋಟೀನ್ ಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಇಂಜೆಕ್ಷನ್ ನಾಲ್ಕು ವಾರ ಬರೆದುಕೊಟ್ಟರೆ ತಪ್ಪಿಸಬೇಡಿ. ಅಣ್ಣ ಎರಡು ದಿನದಲ್ಲಿ ಚುಚ್ಚುವುದು ಕಲಿತ.

ಭಾರ ಎತ್ತುವುದು ಆರು ವಾರ ಇಲ್ಲ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಅಕ್ಕಿ ಚೀಲ, ಮೊಮ್ಮಗು ಯಾವುದೂ ಇಲ್ಲ. ದೊಡ್ಡಪ್ಪ ಎತ್ತಿದ ಆ ಮೂಟೆ ಸುಮ್ಮನೆ ಹೋಗಲಿಲ್ಲ. ಗೆಡ್ಡೆ ಹೊರಗೆ ತೆಗೆದಿದ್ದ ಹೊಕ್ಕುಳ ಹತ್ತಿರದ ಗಾಯ ಒಳಗೆ ಬಿಟ್ಟುಕೊಂಡು ಹರ್ನಿಯಾ ಆಯಿತು. ಕೆಮ್ಮಿದರೆ ನಿಂಬೆಹಣ್ಣಿನಷ್ಟು ಉಬ್ಬುತ್ತದೆ. ಅದಕ್ಕೆ ಇನ್ನೊಂದು ಆಪರೇಷನ್ ಕಾದಿದೆ.

ರಿಪೋರ್ಟ್ ಮತ್ತು ಮುಂದಿನ ಐದು ವರ್ಷ

ತೆಗೆದ ಕರುಳಿನ ಬಯಾಪ್ಸಿ ರಿಪೋರ್ಟ್ ಬಂದಾಗ ಮೂರು ವಿಷಯ ಹುಡುಕಿ. ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ ಎಂದಿದೆಯಾ? ಎಷ್ಟು ಗ್ರಂಥಿ ಪರೀಕ್ಷೆ ಮಾಡಿದ್ದಾರೆ? ಕನಿಷ್ಠ 12 ಇರಬೇಕು ಎಂಬುದು ಒಪ್ಪಿತ ಲೆಕ್ಕ. ಅವುಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇದೆ? ಒಂದರಲ್ಲಿದ್ದರೂ ಸಾಮಾನ್ಯವಾಗಿ ಕಿಮೋ ಹೇಳುತ್ತಾರೆ. ಅದನ್ನು ಆಪರೇಷನ್ ಆಗಿ ಆರರಿಂದ ಎಂಟು ವಾರದೊಳಗೆ ಶುರು ಮಾಡುವುದು ಒಳ್ಳೆಯದು. ಹಬ್ಬ, ಗೃಹಪ್ರವೇಶ ಎಂದು ಮುಂದಕ್ಕೆ ಹಾಕಬೇಡಿ.

ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ, ಡಾಕ್ಟರ್ ಹೇಳಿದಂತೆ ಸಿಟಿ, ಒಂದು ವರ್ಷಕ್ಕೆ ಕೊಲನೊಸ್ಕೋಪಿ. ಹೀಗೆ ಐದು ವರ್ಷ. ಸ್ಕ್ಯಾನ್‌ನ ಸಿಡಿ, ಬಯಾಪ್ಸಿ ಬ್ಲಾಕ್‌ನ (ಮೇಣದಲ್ಲಿ ಕಾಪಿಟ್ಟ ತುಣುಕಿನ) ನಂಬರ್ ಜೋಪಾನ.

ಒಡಹುಟ್ಟಿದವರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳಬೇಕು. 40ನೇ ವಯಸ್ಸಿಗೆ, ಅಥವಾ ಮನೆಯವರಿಗೆ ಕ್ಯಾನ್ಸರ್ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲು ಬರುತ್ತದೋ ಆಗ. ದೊಡ್ಡಪ್ಪ ರಕ್ತ ಹೋಗುತ್ತಿದ್ದುದನ್ನು ಎಂಟು ತಿಂಗಳು ಮೂಲವ್ಯಾಧಿ ಎಂದೇ ನಂಬಿ, ಮೂಲಂಗಿ ತಿಂದು ಕಾದಿದ್ದರು. ಅವರ ತಮ್ಮ, ಅಂದರೆ ನಮ್ಮಪ್ಪ, ‘ನನಗೇನಾಗಿದೆ?’ ಎಂದು ನಾಲ್ಕು ತಿಂಗಳು ತಪ್ಪಿಸಿಕೊಂಡರು. ಕೊನೆಗೆ ದೊಡ್ಡಪ್ಪನೇ ಜೊತೆಗೆ ಕೂತು ಭೇದಿ ನೀರು ಕುಡಿಸಿದರು. ಎರಡು ಪಾಲಿಪ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳು ಸಿಕ್ಕವು, ಅಲ್ಲೇ ತೆಗೆದರು. ಮಧ್ಯಾಹ್ನ ಇಬ್ಬರೂ ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಸ್ ಹತ್ತಿದರು.